ಹೇಸರಗತ್ತೆಯ ತಿರುವು

ಬೆಳಗಿನ ಆರಕ್ಕೆ ಮನೆಗೊಂದಾಳು.
ಸಲಿಕೆ ತಂದವರು ಮುಂದೆ, ಮಚ್ಚು ತಂದವರು ಹಿಂದೆ,
ಏನೂ ತರದೆ ಬಂದ ಫಿದೆನ್ಸಿಯೊಗೆ
ಎಲ್ಲರ ನೀರಿನ ಕ್ಯಾನು.
ಇದಕ್ಕೆ ತೇಕಿಯೊ ಅಂತೇವೆ ನಾವು. ಕೂಲಿಯಿಲ್ಲ.
ಬಿಟ್ಟಿ ಅನ್ನಬೇಡಿ; ಬರದಿದ್ದವರ ಹೆಸರು
ಸಭೆಯ ವಹಿಯಲ್ಲಿ ವರ್ಷವಿಡೀ ಕೂತಿರುತ್ತದೆ.

ಓಹಾಕಾದ ಬಯಲು ಕೆಳಗೆಲ್ಲೋ ಮಂಜಿನಡಿ.
ಇಲ್ಲಿ ಮೂರು ಸಾವಿರ ಮೀಟರ್. ಪೈನ್, ಓಕ್,
ಕೊಂಬೆಕೊಂಬೆಗೂ ಹರಕು ಗಡ್ಡದ ಪಾಚಿ,
ತೊಗಟೆ ಸುಲಿದ ಮಾದ್ರೋನ್ಯೊ ಮರಕ್ಕೆ
ಬಿಸಿಲಲ್ಲಿ ಬೆಂದ ಪ್ರವಾಸಿಯ ಹೆಗಲಿನ ಬಣ್ಣ.

ಅಜ್ಜ ನಾಬೋರ್ ಈ ದಾರಿಯಲ್ಲಿ
ಟಪಾಲು ಒಯ್ದವನು. ಉಪ್ಪು, ಸೀಮೆಎಣ್ಣೆ,
ಒಮ್ಮೆ ಹೊಲಿಗೆ ಯಂತ್ರ, ಒಮ್ಮೆ ಚರ್ಚಿನ ಗಂಟೆ,
ಒಮ್ಮೆ, ಕಂಬಳಿಯಲ್ಲಿ ಸುತ್ತಿ, ತನ್ನ ತಮ್ಮನನ್ನೇ.
ಹೇಸರಗತ್ತೆಯ ಹೆಸರು ಸೆನೀಸಾ. ಅಂದರೆ ಬೂದಿ.
ಅದು ಅರ್ಧ ದಿನ ಇಳಿದದ್ದನ್ನು ಈಗ ಸೈಕಲ್ಲಿನವರು
ಹನ್ನೊಂದು ನಿಮಿಷದಲ್ಲಿ ಇಳಿಯುತ್ತಾರೆ.

ನಾನೂ ಇಳಿಯುತ್ತೇನೆ. ಗೈಡು ನಾನು.
ಇಳಿಯುವುದೆಂದರೆ: ಕಣ್ಣು ಹತ್ತು ಮಾರು ಮುಂದೆ,
ಮೈ ಸೀಟಿನಿಂದಾಚೆ, ಎರಡು ಬೆರಳು ಬ್ರೇಕಿನ ಮೇಲೆ
ತೂಕಡಿಸುವ ಮಗುವಿನ ಬೆನ್ನಿಗಿಟ್ಟ ಹಾಗೆ.
ಬೇರನ್ನು ಓರೆಯಾಗಿ ಮುಟ್ಟಬೇಡ, ನೇರ ದಾಟು.
ಸೂಜಿಯೆಲೆ ಒಣಗಿದ್ದರೂ ನಂಬಬೇಡ.
ಗಾಳಿ ಹೆಲ್ಮೆಟ್ಟಿನ ತೂತುಗಳಲ್ಲಿ ಶಿಳ್ಳೆ ಹಾಕಿದರೆ
ವೇಗ ಜಾಸ್ತಿಯಾಯಿತು;
ಏನೂ ಕೇಳದಿದ್ದರೆ, ಇನ್ನೂ ಜಾಸ್ತಿ.

ಆ ಒಂದು ತಿರುವಿನಲ್ಲಿ ಮಾತ್ರ ಎಲ್ಲರೂ ಬೀಳುತ್ತಾರೆ.
ಹೋದ ತಿಂಗಳು ಮೊಂತೆರ್ರೇಯ ಹಲ್ಲಿನ ಡಾಕ್ಟರು
ತಮ್ಮದೇ ಎರಡು ಹಲ್ಲು ಅಂಗೈಲಿ ಹಿಡಿದು ಕೂತಿದ್ದರು,
ಎಣಿಸುತ್ತ, ನಗುತ್ತ. ನನಗೆ ನಗು ಬರಲಿಲ್ಲ.

ಅದಕ್ಕೇ ಇವತ್ತಿನ ಕೆಲಸ: ಮಣ್ಣು ಏರಿಸಿ
ತಿರುವಿಗೊಂದು ತೊಟ್ಟಿಲಂಥ ದಂಡೆ.
ಒಂಬತ್ತಕ್ಕೆ ಕಟ್ಟಿದ್ದು ಹತ್ತಕ್ಕೆ ಕುಸಿಯಿತು.
ಕಲ್ಲಿಟ್ಟು ಕಟ್ಟಿದೆವು. ಕಲ್ಲೂ ಜಾರಿತು.

ಎಂಬತ್ತೊಂಬತ್ತರ ಅಜ್ಜನನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ.
ತಾನೇ ಬಂದ. ಬಿದ್ದ ಮರದ ಮೇಲೆ ಕೂತು
ಟೊರ್ಟಿಯಾ ತಿಂದು, ಬಾಯೊರೆಸಿ, ಅಂದ:
"ಸೆನೀಸಾ ಇಲ್ಲಿ ನಿಂತುಬಿಡುತ್ತಿತ್ತು.
ಹೊಡೆದರೂ ಇಲ್ಲ, ಜೋಳ ತೋರಿಸಿದರೂ ಇಲ್ಲ.
ಮೂಗು ನೆಲಕ್ಕಿಟ್ಟು, ಕಿವಿ ಹಿಂದಕ್ಕೆ ಮಡಿಸಿ,
ಮೇಲಿನಿಂದ ಬಳಸಿಕೊಂಡೇ ಹೋಗುತ್ತಿತ್ತು.
ಹಟಮಾರಿ ಅಂತ ಇಪ್ಪತ್ತು ವರ್ಷ ಬೈದೆ."

ಎವೂಸ್ತೋಲಿಯಾ ಚಿಕ್ಕಮ್ಮ ಮಾತಾಡದೆ ಪಿಕಾಸಿ ಎತ್ತಿದಳು.
ಮೊಣಕಾಲುದ್ದ ಅಗೆದಾಗ ಮಣ್ಣು ಕಪ್ಪಾಯಿತು;
ತೊಡೆಯುದ್ದಕ್ಕೆ, ಹೊಳೆಯಿತು.
ನೀರು. ಚಿಮ್ಮಲಿಲ್ಲ, ಸದ್ದು ಮಾಡಲಿಲ್ಲ,
ಕಂಕುಳಿನ ಬೆವರಿನ ಹಾಗೆ ಒಸರಿತು,
ಇಷ್ಟು ವರ್ಷ ನಮ್ಮ ಟೈರುಗಳಡಿ.

ಆಮೇಲೆ ಅರ್ಧ ಗಂಟೆ ಜಗಳ. ಪೈಪು ಹಾಕೋಣ ಅಂದವರು,
ಸಿಮೆಂಟು ಅಂದವರು, ಮೊದಲು ಊಟ ಅಂದ ಫಿದೆನ್ಸಿಯೊ.
ಕೊನೆಗೆ ಕೈಯೆತ್ತಿಸಿ ಎಣಿಸಿದೆವು:
ನೀರು ಅದರ ಪಾಡಿಗೆ ಇರಲಿ,
ದಾರಿಯೇ ಮೇಲಕ್ಕೆ ಸರಿಯಲಿ, ಏಳು ಮಾರು.

ಕೆರೆದಂತೆ ಸಲಿಕೆ ಠಣ್ಣೆಂದಿತು. ಕಲ್ಲಲ್ಲ.
ಎಲೆಗೊಬ್ಬರದ ಕೆಳಗೆ, ಗೊರಸು ಗಟ್ಟಿಮಾಡಿದ
ಎರಡು ಗೇಣಗಲದ ಪಟ್ಟಿ.
ಅಜ್ಜ ಆ ಕಡೆ ನೋಡಲಿಲ್ಲ. ಟೋಪಿ ತೆಗೆದು
ಒಳಗಿನ ಬೆವರುಪಟ್ಟಿಯನ್ನು
ತುಂಬ ಹೊತ್ತು ಒರೆಸಿದ.

ಮಧ್ಯಾಹ್ನ ಮೂರಕ್ಕೆ ಮೊದಲ ಇಳಿತ ನನ್ನದು.
ತಿರುವಿನಲ್ಲಿ ಬೆರಳು ಸಡಿಲಿಸಿದೆ. ಟೈರು ಹಿಡಿಯಿತು.
ಕೆಳಗೆ ಆ ತೇವದ ಅಂಚಿಗೆ
ಆಗಲೇ ಒಂದು ಕಣಜ, ನೀರು ಕುಡಿಯುತ್ತ.

ನಾಳೆ ಹಲಗೆ ನೆಡಬೇಕು, ತಿರುವಿಗೊಂದು ಹೆಸರು.
ಕೇಳಿದರೆ ಅಜ್ಜ ಅಂದದ್ದಿಷ್ಟೇ:
"ನಾನು ಬೈದ ಹೆಸರು ಬರೆಯಬೇಡ."