ದೇವರ ಪಾಲು

ನಮ್ಮ ಮಾವ ಘಾಳೆಪ್ಪ ದಿನಕ್ಕೊಂದು ಚಾಕು ಹಡೀತಿದ್ರು.
ಹಾಂಗಂದದ್ದು ನಾನಲ್ಲ, ಓಣಿಯವರು:
ಮುಂಜಾನೆ ನೋವು ಸುರು, ಸಂಜಿಗೆ ಕೂಸು,
ಒಂದರ ಮಾರಿ ಇನ್ನೊಂದಕ್ಕ ಹೋಲೂದಿಲ್ಲ.
ಒಂದು ಗಿಡ್ಡ, ಒಂದು ಡುಬ್ಬ, ಒಂದಕ್ಕ ಮೂಗು ಸೊಟ್ಟ.

ಲತೀಫ್ ಖುರೇಶಿ ಅಂಗಡ್ಯಾಗ ಆರು ಮಂದಿ ಕೊಯ್ಯವರು.
ಚಾಕು ಅದಲುಬದಲಾದರ ಜಗಳ,
ಮೂಳಿ ಬಿಟ್ಟು ಬೆರಳಿಗೆ ಹತ್ತತದ.
"ಭಾಭಿ, ಹದಿನೆಂಟು ಬೇಕು," ಅಂದ,
"ಎಲ್ಲಾ ಒಂದೇ ತಾಯಿ ಮಕ್ಕಳಂಗ."

ಡಾಲ್ಡಾ ಡಬ್ಬಿ ಕತ್ತರಿಸಿ ನಮೂನಿ ಮಾಡಿದೆ.
ಹೈವೇ ಬಾಜು ಯಾಕೂಬನ ಗ್ಯಾರೇಜಿನಾಗ
ಮುರಿದ ಲಾರಿ ಪಾಟಾ ತೂಕಕ್ಕ ತಂದೆ.
ಸೋಮವಾರ ಬರೇ ಗೀರು ಹಾಕಿ ಕೊಯ್ಯೂದು.
ಮಂಗಳವಾರ ಬರೇ ಬಡಿಯೂದು,
ಇಕ್ಕಳ ಗಂಡನ ಕೈಯಾಗ, ಘಣ ನನ್ನ ಕೈಯಾಗ.
ಕುಲುಮ್ಯಾಗ ಆರು, ಬೂದ್ಯಾಗ ಆರು,
ಐರಣದ ಮ್ಯಾಲ ಒಂದು, ಸರದಿಯಾಗ ಐದು.
ರೊಟ್ಟಿ ಬಡಿಯಾಕಿಗೆ ಇದನ್ನ ಯಾರು ಕಲಿಸಬೇಕು?
ಒಂದು ಹಂಚಿನ ಮ್ಯಾಲ, ಒಂದು ಕೆಂಡದ ಬಾಜು,
ಒಂದು ಅಂಗೈಯಾಗ ತಿರಗತಿರತದ.
ರೊಟ್ಟಿಗೊಂದು ಸಲ ಒಲಿ ಹಚ್ಚಾಕಿ
ಯಾವ ಊರಾಗ ಅದಾಳ?

ಬುಧವಾರ ತೂತು.
ಏಳನೇದಕ್ಕ ಕೈ ತಾನೇ ಕಲೀತದ,
ಹದಿನಾಲ್ಕನೇದಕ್ಕ ಕೈ ಮರೀತದ.
ಆವಾಗ ಕುಂತು ಚಾ ಕುಡೀಬೇಕು.

ಮಾವ ಕಟ್ಟಿ ಮ್ಯಾಲ ಎಲಿ ಅಡಕಿ ಜಗೀತಿದ್ರು. ಮಾತಿಲ್ಲ.
ತಮ್ಮ ಕಾಲದಾಗ ಅವರು ದಿನಾ ಮೊದಲ
ಒಂದು ಮುರಕ ಬೋಲ್ಟ್ ಕೆಂಪಗ ಕಾಸಿ
ಕಲ್ಲಿನ ದೋಣ್ಯಾಗ ಅದ್ದತಿದ್ರು.
ಚುಂಯ್.
"ಇದು ದೇವರ ಪಾಲು," ಅಂದು ಮೂಲಿಗೆ ಒಗೀತಿದ್ರು.
ನಾ ಲೆಕ್ಕ ಹಾಕಿದೆ: ಕಾಲು ತಾಸು, ಎರಡು ಬೊಗಸಿ ಇದ್ದಲಿ ದಂಡ.
ತಗದು ಹಾಕಿದೆ.
ದೋಣಿ ಸಣ್ಣದು, ಅದನ್ನೂ ತಗದೆ.
ಅರ್ಧ ಡ್ರಮ್ಮು ನೀರು ತುಂಬಿ ಅಂಗಳದಾಗ ಇಟ್ಟೆ,
ರಾತ್ರಿಯೆಲ್ಲಾ,
ಪುಷ್ಯ ಮಾಸದ ಹುಮನಾಬಾದಿನಾಗ.

ಗುರುವಾರ ಹದ ಕುಡಸೂದು.
ಬ್ಲೋವರಿನ ಮೋಟಾರು ಗುಂಯ್ ಅಂತಿತ್ತು,
ಅದರ ತಾಳಕ್ಕ ನಾ ಅದ್ದತಾ ಹೋದೆ,
ತಗದು ಸಾಲಾಗಿ ಮಲಗಸತಾ ಹೋದೆ.
ಕರೆಂಟ್ ಹೋತು.
ಆ ಸುಮ್ಮನಿನಾಗ ಕೇಳಿಸ್ತು,
ಸಾಲಿನ ನಡುವ ಯಾರೋ ಬೆರಳ ನೆಟಿಗಿ ತಗದಂಗ:
ಟಿಕ್.
ಇನ್ನೊಂದು ಟಿಕ್.
ಬಗ್ಗಿ ನೋಡಿದೆ. ಅದ್ದಿದ್ದು ಹನ್ನೊಂದು,
ಸೀಳಿದ್ದು ಹನ್ನೊಂದು,
ಹಿಡಿಕಿಯಿಂದ ಎರಡು ಬೆರಳು ಮ್ಯಾಲ,
ಎಲ್ಲಾ ಒಂದೇ ಜಾಗಾದಾಗ,
ಒಂದೇ ತಾಯಿ ಮಕ್ಕಳಂಗ.
ಮಾವನ ತಪ್ಪು ದಿನಕ್ಕೊಂದು, ಚಿಲ್ಲರೆ.
ನಂದು ಹೋಲ್‌ಸೇಲ್.

ಮುದುಕ ಎದ್ದು ಬಂದರು. ಬೈತಾರ ಅನ್ಕೊಂಡೆ.
ತೋಳು ಮಡಚಿ ಮೊಣಕೈ ನೀರಾಗ ಇಟ್ಟರು,
ಕೂಸಿಗೆ ಎರಿಯೋ ನೀರು ನೋಡೋರಂಗ.
"ದೇವರಿಗೆ ಥಂಡಿ ಆಗ್ಯದ," ಅಂದರು.
ಮತ್ತ ಕಟ್ಟಿಗೆ ಹೋಗಿ ಕುಂತರು.

ಡ್ರಮ್ಮಿಗೆ ಬೋಲ್ಟು ಎಲ್ಲಿ ಸಾಲತದ?
ಟ್ರ್ಯಾಕ್ಟರಿನ ಹಳೇ ಆಕ್ಸಲ್ ತುಂಡು,
ಕರೆಂಟ್ ಬರೂತನಕ ಕೈತಿದಿ ಒತ್ತಿ ಕಾಸಿ, ಇಬ್ಬರೂ ಹಿಡದು ಇಳಿಸಿದಿವಿ.
ನೀರು ದೊಡ್ಡದಾಗಿ ಉಸುರು ಬಿಡ್ತು.
ಉಳಿದ ಏಳು ಉಳದವು.
ತಿರಗಿ ಸಣ್ಣ ಉರಿಗೆ ಹಿಡದು
ಹುರಿದ ತೊಗರಿಬ್ಯಾಳಿ ಬಣ್ಣಕ್ಕ ತಗದೆ.
ಹನ್ನೊಂದಕ್ಕ ಮತ್ತ ಸೋಮವಾರದಿಂದ ಸುರು.
ಲತೀಫ್‌ಗ ಹತ್ತು ದಿನ ಸುಳ್ಳು ಹೇಳಿದೆ.

ಗೋಡಿ ಮ್ಯಾಲ ಖಡೂದಾಗ ನನ್ನ ಪಟ್ಟಿ ಅದ:
ಕೊಯ್ಯೂದು ಬಡಿಯೂದು ತೂತು ಹದ ಸಾಣಿ ಹಿಡಿಕಿ.
ಹದದ ಮುಂದ ಜಾಗಾ ಉಳದಿಲ್ಲ,
ಸಂದ್ಯಾಗ ತುರುಕಿ ಬರದೆ: ದೇ. ಪಾ.
ಸಾಣಿ ನಿಲ್ಲಿಸಿ ಗಂಡ ಕೇಳಿದ,
"ಇದ್ಯಾರಿಗೆ ಉದ್ರಿ ಕೊಟ್ಟಿ?"
ನಾ ಹೇಳಲಿಲ್ಲ.
ಹಿಡಿಕಿ ಕೂಡಸತಿದ್ದೆ,
ಬಾಯಿ ತುಂಬ ಮೊಳಿ ಇದ್ದವು.