ನಾಲ್ಕನೇ ಕಲಮು

ನಕ್ಷೆಯಲ್ಲಿ ಅಘನಾಶಿನಿ ಬಿಚ್ಚಿದ ನೂಲಿನೆಳೆ,
ನೂರ ಚಿಲ್ಲರೆ ಕಿಲೋಮೀಟರು.
ನಮೂನೆಯ ನಾಲ್ಕನೇ ಕಲಮು:
ನದಿ ಎಲ್ಲಿ ಮುಗಿಯುತ್ತದೆ?

ಸೊಂಟದ ತನಕ ನೀರಲ್ಲಿ ನಿಂತ ಹೊನ್ನಿ ಅಂಬಿಗ
ಬೆಳಚು ಹೆಕ್ಕುವುದು ಬಿಡದೆ ಕೇಳಿದಳು:
‘ಯಾವ ತಿಂಗ್ಳಲ್ಲಿ, ಒಡ್ಯಾ?

ಚೈತ್ರದಲ್ಲಿ ಉಪ್ಪು ಹತ್ತಿ ಹೋಗ್ತದೆ
ಮಿರ್ಜಾನ ಕೋಟೆ ದಾಟಿ.
ನೋಗ್ಲಿ ಮರಳಲ್ಲಿ ಮೂತಿ ಹುಗಿದು ಮಲಗ್ತದೆ.
ಆಷಾಢದಲ್ಲಿ ಕೆಂಪುನೀರು ದೂಡಿಕೊಂಡು ಬಂದ್ರೆ
ತದಡಿ ಬಾಯಲ್ಲೂ ಸಿಹಿ.
ಆಗ ಬೆಳಚು ಬಾಯಿ ಬಿಗಿದು ಕೂರ್ತದೆ,
ಸಿಟ್ಟಾದ ನಾದಿನಿ ಹಾಂಗೆ.’

ಕಾಲ್ಬೆರಳಲ್ಲಿ ತಡಕಿ, ಬಗ್ಗಿ,
ಮುಷ್ಟಿ ಕೆಸರೆತ್ತಿದಳು.
ನೀರು ಸೋರಿತು. ಉಳಿದದ್ದು ಮೂರು ಚಿಪ್ಪು,
ಒಂದು ಖಾಲಿ.
ಖಾಲಿಯದು ನನಗೆ:
‘ಗೆರೆ ಎಣ್ಸಿ. ಗೆರೆಗೊಂದು ಮಳೆಗಾಲ
ಅಂತಿದ್ದ ನಮ್ಮಪ್ಪ. ನಾ ಎಣ್ಸಿದ್ದಿಲ್ಲ.’

ಅಷ್ಟರಲ್ಲಿ ಇಳತ ತಿರುಗಿತು.
ಮಡಚಿದ ಪ್ಯಾಂಟಿನಂಚು ನೆಂದು
ಮೀನಮರಿಗಳ ಹಿಂಡು ಕಣಕಾಲು ಮುಟ್ಟಿ
ಗಜನಿಯ ಕಡೆ ನುಗ್ಗಿತು,
ನನ್ನನ್ನೊಂದು ಗೂಟವೆಂದು ಬಗೆದು.

ಪೆನ್ಸಿಲಿನಲ್ಲಿ ಬರೆದೆ: ತಿಂಗಳು ತಿಳಿಸಿ.
ಮೇಲಿನವರು ಅದನ್ನಳಿಸಿ
‘ತದಡಿ’ ಎಂದು ಶಾಯಿಯಲ್ಲಿ ತಿದ್ದಿದರು.

ಚಿಪ್ಪು ಕಾರವಾರದ ಕಚೇರಿಯ ಮೇಜಿನ ಮೇಲೆ,
ಕಡತ ಹಾರದಂತೆ.
ಆಷಾಢ ಬಂದರೆ ಬೆವರುತ್ತದೆ.
ಬೆರಳಿಟ್ಟು ನೆಕ್ಕಿ ನೋಡಿದೆ ಒಮ್ಮೆ,
ಯಾರೂ ಇಲ್ಲದಾಗ.