ಲಡಿ ತಿರುವುವ ಕೆಲಸ

ಕಬ್ಬನ್‌ಪೇಟೆಯ ಒಳಗಲ್ಲಿ, ತಗಡಿನ ಮಾಡು, ಒಂದೇ ಹಂಡೆ.
ಈ ಬದಿ ನಾನು, ಆ ಬದಿ ಗೌಸ್ ಪೀರ್.
ಇಪ್ಪತ್ತಾರು ವರ್ಷ ಒಂದೇ ಹಬೆ ಕುಡಿದೆವು,
ಒಂದೇ ಬೀಡಿಯನ್ನು ಅರ್ಧರ್ಧ.

ಮೊದಲ ಸಲ ಕೆಂಪು ಕಂಡಾಗ
ಕೈ ತೊಳೆದ ನೀರಿರಬೇಕು ಅಂದುಕೊಂಡೆ.
ಮಾರನೆಯ ದಿನವೂ. ಮೂರನೆಯ ದಿನ
ಕಸುಬಿನ ಕಣ್ಣು ಒಪ್ಪಲಿಲ್ಲ:
ನಮ್ಮ ಡಬ್ಬಿಯ ಯಾವ ಕೆಂಪೂ ಇದಲ್ಲ.
ಗೌಸ್‌ಗೆ ಹೇಳಿದೆ. ನಕ್ಕ. ಆಮೇಲೆ ನಗಲಿಲ್ಲ.
"ನನಗೂ ಕಣೋ," ಅಂದ, "ರಂಜಾನಿನಿಂದ."

ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ
ಮೂತ್ರಚೀಲಕ್ಕೆ ಮದ್ದು ತುಂಬಿ ಹೇಳುತ್ತಾರೆ:
ಕಾಲು ಗಂಟೆ ಎಡಕ್ಕೆ, ಕಾಲು ಗಂಟೆ ಬಲಕ್ಕೆ,
ಬೆನ್ನ ಮೇಲೆ, ಹೊಟ್ಟೆಯ ಮೇಲೆ,
ಎರಡು ಗಂಟೆ ಹಿಡಿದುಕೊಂಡಿರಿ, ಬಿಡಬೇಡಿ.
ಅಕ್ಕಪಕ್ಕದ ಮಂಚಗಳಲ್ಲಿ
ಕೋಲಿಗೆ ಹಾಕಿದ ಲಡಿಗಳ ಹಾಗೆ ಹೊರಳಿದೆವು.
"ಸರಿಯಾಗಿ ತಿರುವು, ಪಟ್ಟೆಪಟ್ಟೆ ಬಂದೀತು!"
ಎಂದು ಅಲ್ಲೂ ಗದರಿದ ಮಾರಾಯ.

ಸಂಶೋಧನೆಗೆಂದು ರಕ್ತ ತೆಗೆದರು.
ದೇಚಮ್ಮ ಡಾಕ್ಟರು ಇಬ್ಬರನ್ನೂ ಕೂರಿಸಿ
ಚೀಟಿಯ ಹಿಂಬದಿ ಗೀಚಿ ತೋರಿಸಿದರು:
ಬಣ್ಣದ ವಿಷ ತೊಳೆಯುವುದರಲ್ಲಿ
ನನ್ನ ಲಿವರ್ ನಿಧಾನ, ಹುಟ್ಟಿನಿಂದಲೇ,
ಎಲ್ಲೋ ಒಂದಕ್ಷರ ಬೇರೆ.
ಗೌಸ್‌ನದು ಚುರುಕು.
ಒಂದೇ ಗೂಡಿನ ನೂಲು, ಒಂದೇ ಹಂಡೆ,
ಒಂದು ಲಡಿ ಕುಡಿಯುತ್ತದೆ, ಇನ್ನೊಂದು ಮೊಂಡು ಹಿಡಿಯುತ್ತದೆ.
ನಮಗೇನು ಹೊಸ ಸುದ್ದಿಯೇ ಇದು?

ಆದರೆ ನಿಧಾನದವನು ಉಳಿದೆ.
ಚುರುಕಿನವನು ಹೋದ.
ಯಾಕೆ ಅಂತ ಕೇಳಿದೆ.
ಹತ್ತಿಸುವ ಅಕ್ಷರ ಬೇರೆ, ಉಳಿಸುವ ಅಕ್ಷರ ಬೇರೆ,
ಎರಡನೆಯದನ್ನು ಇನ್ನೂ ಹುಡುಕುತ್ತಿದ್ದೇವೆ,
ಅಂದರು ಡಾಕ್ಟರು, ಕನ್ನಡಕ ಒರೆಸುತ್ತ.
ಅವರ ಪರದೆಯ ಮೇಲೊಂದು ಗೆರೆ
ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು.
ಒಂದು ಇಳಿತವೆಂದರೆ ಒಬ್ಬರು.
ಉಳಿದವರು ಗೆರೆಯ ಮೇಲಿನ ಸಣ್ಣ ಕಡ್ಡಿಗಳು.
ಹೆಸರಿಲ್ಲ. ಆದರೂ ಹದಿನಾಲ್ಕನೇ ತಿಂಗಳ ಮೆಟ್ಟಿಲಿಗೆ
ಬೆರಳಿಟ್ಟೆ. ಅವರು ತಡೆಯಲಿಲ್ಲ.

"ಬೀಡಿಯಾ ಅಣ್ಣಾ, ಬಣ್ಣವಾ?"
ಎಂದು ನೂರುನ್ನಿಸಾ ಈಗಲೂ ಕೇಳುತ್ತಾಳೆ.
ಏನು ಹೇಳಲಿ,
ಅದರಲ್ಲಿ ಅರ್ಧ ನನ್ನದಿತ್ತು.

ಬೆಳಿಗ್ಗೆ ಎದ್ದು ಪ್ಲಾಸ್ಟಿಕ್ ಡಬ್ಬಿಯನ್ನು
ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ,
ಚಿಕ್ಕಪೇಟೆಯ ಸಾಹುಕಾರನಿಗೆ
ನೂಲು ಹಿಡಿದು ಬಣ್ಣ ಒಪ್ಪಿಸುತ್ತಿದ್ದ ಹಾಗೆ.
ಇವತ್ತು ಒಣಹುಲ್ಲಿನ ಬಣ್ಣ.
ಸುರಿದು ಕೈ ತೊಳೆಯುತ್ತೇನೆ.
ಉಗುರ ಸಂದಿಯ ನೀಲಿ ಹಾಗೇ ಇದೆ.